ಕಪ್ಪು ಪೆಟ್ಟಿಗೆ, ಬಿಳಿ ಪೆಟ್ಟಿಗೆ

ಶಿಷ್ಯ ನಿಜಗುಣ ಗುರುಗಳನ್ನು ಕೇಳಿದ: "ಬುದ್ಧಿ, ಪೇಟೆಯಲ್ಲಿ ಎರಡು ವಿಡಿಯೋ ಗೇಮ್ ಪೆಟ್ಟಿಗೆಗಳು ಬಂದಿವೆ. ಒಂದು ಕಂಪನಿಯದು ಕಪ್ಪು, ಇನ್ನೊಂದು ಕಂಪನಿಯದು ಬಿಳಿ. ಎರಡರಲ್ಲಿ ಯಾವುದನ್ನು ಕೊಂಡರೆ ಲೇಸು?"

ಕೂತಿದ್ದವರು ನಕ್ಕರು. ಹಿಂದಿನ ವಾರ ಇದೇ ಜಾಗದಲ್ಲಿ ಒಬ್ಬ ಸಾವಿನ ಬಗ್ಗೆ ಕೇಳಿದ್ದ. ಅದರ ಹಿಂದಿನ ವಾರ ಇನ್ನೊಬ್ಬ ಮಾಯೆಯ ಬಗ್ಗೆ ಕೇಳಿದ್ದ. ಗುರುಗಳು ನಗಲಿಲ್ಲ. ಸಾವು, ಮಾಯೆ ಎಂದು ಕೇಳುವವರಲ್ಲಿ ಅರ್ಧ ಜನ ಸುಮ್ಮನೆ ಕೇಳುತ್ತಾರೆ. ಇವನು ಬೇಕಾಗಿ ಕೇಳುತ್ತಿದ್ದಾನೆ ಎಂದು ಅವರಿಗೆ ತಿಳಿದಿತ್ತು.

ತಿಳಿದದ್ದು ಇನ್ನೂ ಒಂದಿತ್ತು. ನಿಜಗುಣನೂ ಅವನ ಗೆಳೆಯ ಮಾದಪ್ಪನೂ ಪ್ರತಿ ಸೋಮವಾರ ಒಂದೇ ಬೈಕಿನಲ್ಲಿ ಮಠಕ್ಕೆ ಬರುತ್ತಿದ್ದವರು. ಆರು ವಾರದಿಂದ ಎರಡು ಬೈಕಿನಲ್ಲಿ ಬರುತ್ತಿದ್ದರು. ನಿಜಗುಣ ಮುಂದೆ ಕೂರುತ್ತಿದ್ದ, ಮಾದಪ್ಪ ಬಾಗಿಲ ಬಳಿಯ ಕಂಬಕ್ಕೆ ಒರಗುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಕಪ್ಪು ಮೇಲೆಂದು ಒಬ್ಬ, ಬಿಳಿ ಮೇಲೆಂದು ಇನ್ನೊಬ್ಬ ಹಿಡಿದ ವಾದ ಅಲ್ಲಿಗೆ ತಂದು ನಿಲ್ಲಿಸಿತ್ತು.

"ನಾಳೆ ಕೊಳ್ಳುವವನಿದ್ದೇನೆ ಬುದ್ಧಿ," ಎಂದ ನಿಜಗುಣ, ಕಂಬದವರೆಗೂ ಕೇಳಿಸುವಷ್ಟು ಗಟ್ಟಿಯಾಗಿ. "ತಾವು ಒಂದು ಮಾತು ಹೇಳಿಬಿಟ್ಟರೆ ಕೆಲವರ ಬಾಯಿ ಮುಚ್ಚುತ್ತದೆ."

"ನನ್ನ ಮಾತಿನಿಂದ ಯಾರ ಬಾಯಿಯೂ ಮುಚ್ಚಿದ್ದನ್ನು ನಾನು ಕಂಡಿಲ್ಲ," ಎಂದರು ಗುರುಗಳು. "ಒಂದು ಕತೆ ಇದೆ, ಕೇಳು."

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಅಂಗಡಿಯ ಗೋಡೆಗೆ ಗೋಡೆ ಸೇರಿದಂತೆ ಒಬ್ಬ ಗಡಿಯಾರ ರಿಪೇರಿಯವನಿದ್ದ. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ಇಬ್ಬರಿಗೂ ಐವತ್ತು ದಾಟಿತ್ತು. ದರ್ಜಿಯ ಮಕ್ಕಳು ಆಡಿ ಬಿಟ್ಟ ಹಳೆಯ ಆಟದ ಪೆಟ್ಟಿಗೆಯೊಂದು ಅವನ ಅಂಗಡಿಯಲ್ಲಿತ್ತು. ಸಂಜೆ ಬಾಗಿಲು ಅರ್ಧ ಎಳೆದು ಇಬ್ಬರೂ ಅದರಲ್ಲಿ ಒಂದು ಗಂಟೆ ಫುಟ್ಬಾಲ್ ಆಡುತ್ತಿದ್ದರು. ಒಬ್ಬನ ತಂಡಕ್ಕೆ ಕೆಂಪು ಅಂಗಿ, ಇನ್ನೊಬ್ಬನದಕ್ಕೆ ನೀಲಿ. ಸೋತವನು ಟೀ ತರಿಸಬೇಕು. ಹನ್ನೊಂದು ವರ್ಷ ಹೀಗೆ ನಡೆಯಿತು.

ಆಟ ಒಂದು ನೆಪ. ಗಂಡಸರಿಗೆ ಮುಖ ಮುಖ ನೋಡಿಕೊಂಡು ಕಷ್ಟ ಹೇಳಿಕೊಳ್ಳಲು ಬರುವುದಿಲ್ಲ. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರೆ ಬರುತ್ತದೆ. ದರ್ಜಿ ತನ್ನ ತಾಯಿ ತೀರಿಕೊಂಡ ದುಃಖವನ್ನು ಪರದೆ ನೋಡುತ್ತಲೇ ಹೇಳಿಕೊಂಡಿದ್ದ. ಗಡಿಯಾರದವನು ತನ್ನ ಮಗಳ ಮದುವೆ ಮುರಿದುಬಿದ್ದದ್ದನ್ನು ಚೆಂಡು ಒದೆಯುತ್ತಲೇ ಹೇಳಿದ್ದ. ಕೇಳಿದವನು ರಿಮೋಟ್ ಕೆಳಗಿಡುತ್ತಿರಲಿಲ್ಲ. ಹೇಳಿದವನಿಗೂ ಅದೇ ಅನುಕೂಲವಾಗಿತ್ತು.

ಒಂದು ದಿನ ಆ ಹಳೆಯ ಪೆಟ್ಟಿಗೆ ಕೆಟ್ಟಿತು. ಗಡಿಯಾರದವನು ಬಿಚ್ಚಿ ನೋಡಿದ, ಮತ್ತೆ ಮುಚ್ಚಿದ. ಹೊಸದನ್ನು ಕೊಳ್ಳಬೇಕಾಯಿತು. ಕೊಳ್ಳಲು ಹೋದರೆ ಅಂಗಡಿಯಲ್ಲಿ ಎರಡಿದ್ದವು. ಒಂದೇ ಇದ್ದಿದ್ದರೆ ನಾನು ಈ ಕತೆ ಹೇಳಬೇಕಾಗಿರಲಿಲ್ಲ.

ದರ್ಜಿ ಕಪ್ಪು ಎಂದ. ಗಡಿಯಾರದವನು ಬಿಳಿ ಎಂದ. ದರ್ಜಿ ಜೀವಮಾನವೆಲ್ಲ ಬಣ್ಣ ನೋಡಿದವನು. ಕಪ್ಪು ಪೆಟ್ಟಿಗೆಯ ಚಿತ್ರದಲ್ಲಿ ಹುಲ್ಲಿನ ಹಸಿರೇ ಬೇರೆ ಎಂದ. ಗಡಿಯಾರದವನು ಜೀವಮಾನವೆಲ್ಲ ಒಳಗಿನ ಯಂತ್ರ ನೋಡಿದವನು. ಬಿಳಿಯದು ಸದ್ದಿಲ್ಲದೆ ಓಡುತ್ತದೆ, ಬಿಸಿಯಾಗುವುದಿಲ್ಲ, ಕರೆದ ಕೂಡಲೇ ಆಟ ತೆರೆಯುತ್ತದೆ, ಚಿತ್ರವಂತೂ ಎರಡರಲ್ಲೂ ಒಂದೇ ಎಂದ. ಕಪ್ಪಿಗೆ ಡಿಸ್ಕ್ ಹಾಕಬಹುದು, ಆಡಿ ಸಾಕಾದ ಮೇಲೆ ಇನ್ನೊಬ್ಬರಿಗೆ ಕೊಡಬಹುದು ಎಂದ ದರ್ಜಿ. ಬಿಳಿಯದಕ್ಕೆ ಡಿಸ್ಕೇ ಬೇಡ, ತಿಂಗಳಿಗೊಮ್ಮೆ ಚಂದಾ ಕಟ್ಟಿದರೆ ನೂರು ಆಟ ಎಂದ ಗಡಿಯಾರದವನು. ಇಬ್ಬರೂ ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದರು. ಕಪ್ಪನ್ನು ಹೊಗಳುವ ವಿಡಿಯೋಗಳನ್ನು ದರ್ಜಿ ನೋಡಿದ, ಬಿಳಿಯನ್ನು ಹೊಗಳುವುದನ್ನು ಗಡಿಯಾರದವನು ನೋಡಿದ. ಊರಿನವರೂ ಸೇರಿಕೊಂಡರು. ಹುಟ್ಟಿದಂದಿನಿಂದ ರಿಮೋಟ್ ಮುಟ್ಟದವರೂ ಪಕ್ಷ ಹಿಡಿದರು. ಟೀ ಅಂಗಡಿಯವನು ಕಪ್ಪು, ಅಂಚೆಯವನು ಬಿಳಿ. ಎರಡು ತಿಂಗಳು ವಾದ ನಡೆಯಿತು. ಆ ಎರಡು ತಿಂಗಳಲ್ಲಿ ಆಟ ಒಂದು ದಿನವೂ ನಡೆಯಲಿಲ್ಲ.

ಕೊನೆಗೆ ಅಂಗಡಿಯ ವ್ಯಾಪಾರಿ ಎರಡನ್ನೂ ಅಕ್ಕಪಕ್ಕ ಇಟ್ಟು ಆನ್ ಮಾಡಿ ತೋರಿಸಿದ. ಹತ್ತು ಜನ ಸುತ್ತ ನಿಂತಿದ್ದರು.

"ಎರಡೂ ಒಂದೇ ಥರ ಕಾಣ್ತವೆ," ಎಂದ ಗಡಿಯಾರದವನು.

ದರ್ಜಿಗೆ ರೇಗಿಹೋಯಿತು. "ಬಣ್ಣ ನೋಡಕ್ಕೆ ಕಣ್ಣು ಬೇಕು ಕಣಯ್ಯಾ. ನಿಂಗೆಲ್ಲಿದೆ?"

ಜನ ನಕ್ಕರು. ಗಡಿಯಾರದವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಇಲ್ಲೊಂದು ವಿಷಯ ಹೇಳಬೇಕು, ನಿಜಗುಣ. ಗಡಿಯಾರದವನಿಗೆ ಹಲವು ತಿಂಗಳಿಂದ ಕಣ್ಣು ಮಂಜಾಗುತ್ತಿತ್ತು. ಭೂತಗನ್ನಡಿ ಸಿಕ್ಕಿಸಿಕೊಂಡರೂ ಸಣ್ಣ ತಿರುಪುಗಳು ತಪ್ಪಿಹೋಗುತ್ತಿದ್ದವು. ಅವನ ತಂದೆಯೂ ಗಡಿಯಾರದ ಕೆಲಸದವನೇ. ಕೊನೆಗಾಲದಲ್ಲಿ ಪೂರ್ತಿ ಕುರುಡಾಗಿ, ಗೋಡೆ ಸವರಿಕೊಂಡು ನಡೆಯುತ್ತಿದ್ದ. ತನಗೂ ಅದೇ ಬಂತು ಎಂದು ಮಗ ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದ. ವೈದ್ಯರ ಬಳಿ ಹೋಗಿರಲಿಲ್ಲ. ಹೋದರೆ ಹೌದು ಎಂದುಬಿಡುತ್ತಾರೆ ಎಂಬ ಭಯ. ಹೆಂಡತಿಗೂ ಹೇಳಿರಲಿಲ್ಲ. ಹೇಳಿಕೊಳ್ಳಲು ಅವನಿಗೆ ಇದ್ದದ್ದು ಒಬ್ಬನೇ, ಹೇಳಿಕೊಳ್ಳುವ ಹೊತ್ತೂ ಒಂದೇ. ನಾಳೆ ಆಡುವಾಗ ಹೇಳೋಣ, ನಾಡಿದ್ದು ಹೇಳೋಣ ಎಂದು ತಳ್ಳುತ್ತ ಬಂದಿದ್ದ. ಅಷ್ಟರಲ್ಲಿ ಹಳೆಯ ಪೆಟ್ಟಿಗೆ ಕೆಟ್ಟಿತು. ಈಗ ಆ ಒಬ್ಬನೇ ಹತ್ತು ಜನರ ಮುಂದೆ ನಿನಗೆ ಕಣ್ಣಿಲ್ಲ ಎಂದಿದ್ದ.

ಅಂದಿನಿಂದ ಗೋಡೆಗೆ ಗೋಡೆ ಇದ್ದರೂ ಇಬ್ಬರಲ್ಲಿ ಮಾತಿಲ್ಲ. ದರ್ಜಿ ತನ್ನ ಪಾಡಿಗೆ ಹೊಲಿದ. ಆ ಕಡೆ ಗಡಿಯಾರದವನು ಬೇಗ ಬಾಗಿಲು ಹಾಕತೊಡಗಿದ. ಮುನಿಸಿಗೆ ಹಾಕುತ್ತಿದ್ದಾನೆ ಎಂದುಕೊಂಡ ದರ್ಜಿ. ನಿಜವೇನೆಂದರೆ, ಬೆಳಕು ಇಳಿದ ಮೇಲೆ ಗಡಿಯಾರದವನಿಗೆ ಕೆಲಸ ಕಾಣುತ್ತಿರಲಿಲ್ಲ.

ಕೆಲವು ವಾರ ಕಳೆದವು. ದರ್ಜಿ ಕಪ್ಪು ಪೆಟ್ಟಿಗೆ ಕೊಳ್ಳಲು ವ್ಯಾಪಾರಿಯ ಬಳಿಗೆ ಹೋದ. ವ್ಯಾಪಾರಿಗೂ ಸಾಕಾಗಿತ್ತು. ಇಷ್ಟು ದಿನ ಊರೆಲ್ಲ ಬಂದು ವಾದ ಮಾಡಿ ಹೋಗಿತ್ತೇ ಹೊರತು ಒಂದು ಪೆಟ್ಟಿಗೆ ಬಿಕರಿಯಾಗಿರಲಿಲ್ಲ.

"ಕಪ್ಪೇ ಮೇಲು ಅಂತೀರಲ್ಲ, ಖಂಡಿತಾನಾ?" ಎಂದು ಕೇಳಿದ.

"ಖಂಡಿತ."

"ಹಂಗಾದ್ರೆ ಇದನ್ನ ಅವರ ಮನೆಗೆ ಕಳಿಸಿ ಸ್ವಾಮಿ. ನಾಲ್ಕು ದಿನ ಆಡಿದ್ರೆ ಅವರೇ ಒಪ್ಕೋತಾರೆ. ನಿಮ್ಮನೇಲೇ ಇಟ್ಕೊಂಡು ಯಾರನ್ನ ಒಪ್ಪಿಸ್ತೀರಿ?"

ದರ್ಜಿಗೆ ಮಾತು ಹಿಡಿಸಿತು. ಪೆಟ್ಟಿಗೆಯನ್ನು ಗಡಿಯಾರದವನ ಮನೆಗೆ ಕಳಿಸಿದ. ಪ್ರೀತಿಯಿಂದ ಕಳಿಸಿದ ಎಂದುಕೊಳ್ಳಬೇಡ, ಗೆಲ್ಲುವ ಹಟದಿಂದ ಕಳಿಸಿದ. ಆದರೆ ರಿಮೋಟ್ ಎರಡು ಬೇಕು ಎಂದು ಕೇಳಿ ಹಾಕಿಸಿದ್ದ. ಹನ್ನೊಂದು ವರ್ಷದ ಅಭ್ಯಾಸ, ಹಟದ ನಡುವೆಯೂ ಕೈ ಮರೆತಿರಲಿಲ್ಲ.

ಗಡಿಯಾರದವನು ಅದನ್ನು ನೋಡಿ ಹಿಂದಕ್ಕೆ ಕಳಿಸಲು ಎದ್ದ. ಹೆಂಡತಿ ತಡೆದಳು. ಅವಳಿಗೆ ಕಪ್ಪು ಬಿಳಿಯ ಗೊಡವೆ ಇರಲಿಲ್ಲ, ಬೀದಿಯ ರೂಢಿ ಗೊತ್ತಿತ್ತು.

"ಮನೆಗೆ ಬಂದಿದ್ದನ್ನ ಹಿಂದಕ್ಕೆ ಕಳಿಸ್ಬಾರ್ದು ಕಣ್ರೀ. ಅವರು ಕೊಟ್ಟಿದ್ದಾರೆ, ನೀವೂ ಏನಾದ್ರೂ ಕೊಡಿ. ಬರಿ ಪಾತ್ರೆ ಕಳಿಸೋ ಮನೇನಾ ನಮ್ದು?"

ನೆರೆಮನೆಯಿಂದ ಹೋಳಿಗೆ ಬಂದ ಪಾತ್ರೆಯನ್ನು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಹಿಂದಿರುಗಿಸುವುದು ಆ ಬೀದಿಯ ಪದ್ಧತಿ. ಆಟದ ಪೆಟ್ಟಿಗೆಗೆ ಪ್ರತಿಯಾಗಿ ಎಷ್ಟು ಸಕ್ಕರೆ ಹಾಕುವುದು? ಗಡಿಯಾರದವನು ಮೂರು ದಿನ ಯೋಚಿಸಿದ. ಹೇಗೂ ಬಿಳಿಯದನ್ನು ಕೊಳ್ಳುವವನಿದ್ದ. ಕೊಂಡು ದರ್ಜಿಯ ಮನೆಗೆ ಕಳಿಸಿದ. ಅವನದೂ ಹಟವೇ. ಆಡಿ ನೋಡಿ ಅವನೇ ಬಾಯಿ ಬಿಡಲಿ ಎಂದುಕೊಂಡ.

ಈಗ ಕಪ್ಪು ಮೇಲೆಂದವನ ಮನೆಯಲ್ಲಿ ಬಿಳಿ ಕೂತಿತು, ಬಿಳಿ ಮೇಲೆಂದವನ ಮನೆಯಲ್ಲಿ ಕಪ್ಪು. ಇಬ್ಬರ ಬಾಯಿಯೂ ಕಟ್ಟಿತು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸುವಂತಿಲ್ಲ. ತನ್ನ ಮನೆಯಲ್ಲಿರುವುದನ್ನು ಹಳಿದರೆ ಕೊಟ್ಟವನನ್ನು ಹಳಿದಂತೆ. ಅವನ ಮನೆಯಲ್ಲಿರುವುದನ್ನು ಹಳಿದರೆ ತಾನು ಕೊಟ್ಟದ್ದನ್ನೇ ಹಳಿದಂತೆ. ಊರಿನವರು ಸ್ವಲ್ಪ ದಿನ ಕಾದರು. ವಾದಕ್ಕೆ ಯಾರೂ ಸಿಗದೆ ಬೇರೆ ವಿಷಯ ಹುಡುಕಿಕೊಂಡರು.

ಒಂದು ಸಂಜೆ ದರ್ಜಿಗೆ ತಡೆಯಲಾಗಲಿಲ್ಲ. ಅವನು ಮೆಚ್ಚಿದ ಆ ಹಸಿರು ಹುಲ್ಲು ಗಡಿಯಾರದವನ ಮನೆಯಲ್ಲಿತ್ತು. ಪೆಟ್ಟಿಗೆಗೆ ವೈರು ಸರಿಯಾಗಿ ಸಿಕ್ಕಿಸಿದ್ದಾರೋ ಇಲ್ಲವೋ ನೋಡಿಬರುವ ನೆಪ ಮಾಡಿಕೊಂಡು ಹೋದ. ಗಡಿಯಾರದವನು ಬಾ ಎಂದ. ಮುಖ ನೋಡಲಿಲ್ಲ. ಎರಡನೆಯ ರಿಮೋಟ್ ಇನ್ನೂ ಕವರಿನಲ್ಲೇ ಇತ್ತು. ದರ್ಜಿ ಕವರು ಹರಿದ. ಇಬ್ಬರೂ ಅಕ್ಕಪಕ್ಕ ಕೂತರು.

ಆಟ ಶುರುವಾಯಿತು. ಹೊಸ ಆಟದಲ್ಲಿ ದರ್ಜಿಗೆ ಸಿಕ್ಕಿದ್ದು ಹಳದಿ ಅಂಗಿಯ ತಂಡ, ಗಡಿಯಾರದವನಿಗೆ ಬಿಳಿ ಅಂಗಿಯದು. ಗಡಿಯಾರದವನು ಚೆಂಡನ್ನು ತಂದು ತಂದು ಹಳದಿ ಅಂಗಿಯವರಿಗೇ ಕೊಡುತ್ತಿದ್ದ. ದರ್ಜಿ ಮೊದಲು ನಕ್ಕ. ಐದಾರು ಸಲ ಆದ ಮೇಲೆ ನಗು ನಿಂತಿತು. ಬಿಳಿಯ ಬಟ್ಟೆ ಹಳದಿಯಾಗಿ ಕಂಡರೆ ಒಂದೋ ಬಟ್ಟೆ ಹಳತಾಗಿರಬೇಕು, ಇಲ್ಲವೇ ನೋಡುವ ಕಣ್ಣು. ದರ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡೂ ಒಂದೇ ಥರ ಕಾಣುತ್ತವೆ ಎಂದು ಇವನು ವಾದಕ್ಕೆ ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿದ್ದ. ಅದಕ್ಕೆ ತಾನು ಕೊಟ್ಟ ಉತ್ತರ ದರ್ಜಿಗೆ ನೆನಪಾಯಿತು.

"ಬಿಳಿ ಯಾವ್ದು, ಹಳದಿ ಯಾವ್ದು ಗೊತ್ತಾಗ್ತಿಲ್ವಾ?" ಎಂದ, ಪರದೆಯ ಮೇಲಿನ ಕಣ್ಣು ತೆಗೆಯದೆ.

"ಇಲ್ಲ," ಎಂದ ಗಡಿಯಾರದವನು. ಅವನೂ ಪರದೆಯನ್ನೇ ನೋಡುತ್ತಿದ್ದ. "ವರ್ಷ ಆಗ್ತಾ ಬಂತು. ಅಪ್ಪಂಗೆ ಬಂದಿದ್ದೇ ನಂಗೂ ಬಂತು ಅನ್ಸುತ್ತೆ ಕಣಯ್ಯಾ."

ದರ್ಜಿ ರಿಮೋಟ್ ಕೆಳಗಿಟ್ಟ. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ.

ಮರುದಿನ ಬೆಳಿಗ್ಗೆ ಇಬ್ಬರ ಅಂಗಡಿಯೂ ತೆರೆಯಲಿಲ್ಲ. ದರ್ಜಿ ಅವನ ಕೈಹಿಡಿದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ವೈದ್ಯೆ ಬೆಳಕು ಬಿಟ್ಟು ಎರಡೂ ಕಣ್ಣು ನೋಡಿದರು. ಪೊರೆ ಬಂದಿದೆ, ತೆಗೆದರೆ ಮೊದಲಿನಂತೆ ಕಾಣುತ್ತದೆ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರು. ಗಡಿಯಾರದವನು ತನ್ನ ತಂದೆಯ ವಿಷಯ ಹೇಳಿದ. ಅವರದೂ ಪೊರೆಯೇ ಇದ್ದಿರಬಹುದು, ಆಗ ಯಾರಾದರೂ ಕರೆತಂದು ತೋರಿಸಿದ್ದರೇ ಎಂದು ವೈದ್ಯೆ ಕೇಳಿದರು. ಯಾರೂ ತೋರಿಸಿರಲಿಲ್ಲ.

ಹೊರಗೆ ಬಂದು ಗಡಿಯಾರದವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತ. ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದರೆ ಯಾರಿಗಾದರೂ ಅಳು ಬರುತ್ತದೆ. ಎಂಥ ಹಗುರ! ಕುರುಡನಾಗುತ್ತೇನೆ ಎಂದು ಒಳಗೆ ಹೋದವನು, ವಾರದಲ್ಲಿ ಒಂದು ಕಣ್ಣು, ತಿಂಗಳಲ್ಲಿ ಇನ್ನೊಂದು ಎಂಬ ಚೀಟಿ ಹಿಡಿದು ಹೊರಬಂದಿದ್ದ. ದರ್ಜಿ ಪಕ್ಕದಲ್ಲಿ ಕೂತು ಎದುರಿನ ಗೋಡೆಯನ್ನು ನೋಡುತ್ತಿದ್ದ. ಅಂದು ಅಂಗಡಿಯಲ್ಲಿ ಆಡಬಾರದ ಮಾತಾಡಿದೆ ಎಂದು ಗೋಡೆಗೆ ಹೇಳುವಂತೆ ಹೇಳಿದ. ಗಡಿಯಾರದವನು ಟೀ ಕುಡಿಯೋಣ ನಡಿ ಎಂದ. ಯಾರೂ ಸೋತಿರಲಿಲ್ಲವಾದ್ದರಿಂದ ಟೀ ಯಾರು ತರಿಸಬೇಕು ಎಂಬುದಕ್ಕೆ ಸ್ವಲ್ಪ ಹೊತ್ತು ಚರ್ಚೆಯಾಯಿತು.

ಪೊರೆ ತೆಗೆದರು. ಗಡಿಯಾರದವನು ಮನೆಗೆ ಬಂದು ಕಪ್ಪು ಪೆಟ್ಟಿಗೆಯನ್ನು ಆನ್ ಮಾಡಿ ನೋಡಿದ. ಹುಲ್ಲು ಹಸಿರಾಗಿತ್ತು. ಬಹಳ ಹೊತ್ತು ಹುಲ್ಲನ್ನೇ ನೋಡಿದ. ಆಮೇಲೆ ದರ್ಜಿಗೆ, ಚಿತ್ರ ಚೆನ್ನಾಗಿದೆ, ಆದರೂ ಬಿಳಿಯದೇ ಮೇಲು ಎಂದ. ದರ್ಜಿ ಕಪ್ಪೇ ಮೇಲು ಎಂದ. ಇಬ್ಬರೂ ಇವತ್ತಿಗೂ ತಮ್ಮ ಮಾತು ಬಿಟ್ಟಿಲ್ಲ. ಕಪ್ಪಿನಲ್ಲಿ ಆಡಬೇಕು ಅನ್ನಿಸಿದಾಗ ದರ್ಜಿ ಗಡಿಯಾರದವನ ಮನೆಗೆ ಹೋಗುತ್ತಾನೆ. ಬಿಳಿಯದರಲ್ಲಿ ಆಡಬೇಕು ಅನ್ನಿಸಿದಾಗ ಗಡಿಯಾರದವನು ದರ್ಜಿಯ ಮನೆಗೆ ಹೋಗುತ್ತಾನೆ. ಯಾವ ಸಂಜೆಯೂ ಬರಿದಾಗಿ ಹೋಗುವುದಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಕೂತವರ ಮುಖದಲ್ಲಿ ಈಗ ಬೇರೆ ತರಹದ ನಗು ಇತ್ತು. ನಿಜಗುಣ ಮಾತ್ರ ಬಿಡಲಿಲ್ಲ. "ಕತೆ ಸರಿ ಬುದ್ಧಿ. ಆದರೆ ಎರಡರಲ್ಲಿ ಯಾವುದು ಮೇಲು ಎಂದು ತಾವು ಹೇಳಲೇ ಇಲ್ಲವಲ್ಲ."

ಕಂಬದ ಬಳಿ ಮಾದಪ್ಪನೂ ಉತ್ತರ ಕೇಳಲು ಮುಂದಕ್ಕೆ ಬಾಗಿದ.

"ಗೆಳೆಯನ ಮನೆಯಲ್ಲಿರುವುದು," ಎಂದರು ಗುರುಗಳು.

ಆ ದಿನ ನಿಜಗುಣ, ಮಾದಪ್ಪ ಸೇರಿ ಎಲ್ಲರೂ ಎದ್ದು ಹೋದ ಮೇಲೆ, ಮಠದ ಮುಂದೆ ಒಂದು ಬೈಕು ಹಾಗೇ ಉಳಿದಿತ್ತು.