ಅರಸನ ತಲೆಯೊಳಗಿನ ಕಿರುಗಾಲುವೆ

ಗ್ರಹಣ ಬಿಡುವವರೆಗೆ ಒಲೆ ಹೊತ್ತಿಸುವಂತಿಲ್ಲದೆ, ಹಸಿದ ಮೊಮ್ಮಕ್ಕಳು ಅಡುಗೆಮನೆಯ ಹೊಸ್ತಿಲನ್ನೇ ದಿಟ್ಟಿಸುತ್ತಿದ್ದ ಹೊತ್ತಿನಲ್ಲಿ ಅಜ್ಜಿ ಹೇಳಿದ ಕತೆಯಿದು.

ಕಲ್ಹೊಳೆಪುರದ ಬೀದಿಗಳಲ್ಲಿ ಡಂಗುರ ಮೊಳಗಿತು: “ಅರಸ ಭೋಗದೇವನಿಗೆ ನಡುವಯಸ್ಸಿನಲ್ಲೇ ತಲೆನೋವು ಹತ್ತಿ, ಕಾಲು ಸೋತು, ನೆನಪು ಸೋರುತ್ತಿದೆ. ಅಡುಗೆಯ ಸಿದ್ದಮ್ಮ ಅನ್ನದಲ್ಲಿ ಮದ್ದಿಕ್ಕಿದಳೆಂದು ಆರೋಪವುಂಟು. ವೈದ್ಯಶಾಸ್ತ್ರ ಬಲ್ಲ ಕುಮಾರಿ ಮಾಳಲದೇವಿ ಮೂರು ಒಗಟುಗಳನ್ನೊಡ್ಡುವಳು. ಬಿಡಿಸಿದವನನ್ನು ವರಿಸುವಳು, ತಪ್ಪಿದವನಿಗೆ ತಲೆದಂಡ. ಸಂಜೆಯೊಳಗೆ ಯಾರೂ ಬಿಡಿಸದಿದ್ದರೆ ಸಿದ್ದಮ್ಮನಿಗೆ ಶೂಲ.”

ಅರಸನಿಗೆ ಮದ್ದಿಕ್ಕಿದರೆಂದು ಸಾರಬಹುದು, ಆದರೆ ಅರಸುಕುಲದಲ್ಲೇ ರೋಗವುಂಟೆಂದು ನೇರವಾಗಿ ನುಡಿಯುವುದು ಅಲ್ಲಿ ರಾಜದ್ರೋಹ. ಆದುದರಿಂದ ಕುಮಾರಿಗೆ ಒಗಟಲ್ಲದೆ ಬೇರೆ ಬಾಯಿರಲಿಲ್ಲ.

“ಹೊರಗಿನ ಸುತ್ತಳತೆ ಇದ್ದಂತೆಯೇ ಇದೆ, ಗೋಡೆ ಒಳಮುಖವಾಗಿ ದಪ್ಪವಾಗುತ್ತ ಒಳದಾರಿ ಇಕ್ಕಟ್ಟಾಗುತ್ತಿದೆ. ಏನದು?” ಎಂದಳು.

ಬಂಕಿನಾಡಿನ ದೊರೆಮಗ ಮೀಸೆ ತಿರುವಿದ. “ಎಣ್ಣೆಗೆ ಬಿದ್ದ ಉದ್ದಿನವಡೆ! ಉಬ್ಬಿದಂತೆಲ್ಲ ತೂತು ಮುಚ್ಚುತ್ತದೆ.”

(ಇಲ್ಲಿ ಮೊಮ್ಮಕ್ಕಳು ನಿಟ್ಟುಸಿರುಬಿಟ್ಟರು.)

“ತಲೆ ತೆಗೆಯಿರಿ,” ಎಂದ ಅರಸ. ಭಟರು ಕತ್ತಿ ಹಿರಿಯುವಷ್ಟರಲ್ಲಿ, “ಯಾರ ತಲೆ? ಏಕೆ? ಅತಿಥಿಗೆ ಮಜ್ಜಿಗೆ ಕೊಟ್ಟಿರಾ?” ಎಂದ. ದೊರೆಮಗ ಮಜ್ಜಿಗೆಗೂ ಕಾಯದೆ ಓಡಿದ. “ಮಾವನ ಮನೆ, ಹೊರಗೆ ದೊಡ್ಡದು, ಒಳಗೆ ಇಕ್ಕಟ್ಟು” ಎಂದ ಇನ್ನೊಬ್ಬನೂ ಅದೇ ಬಾಗಿಲಿನಿಂದ ಪಾರಾದ. ಮಂತ್ರಿ ಸಿಡುಕಿ, “ಇನ್ನು ಆಜ್ಞೆಯಾದೊಡನೆ ಕಡಿಯಿರಿ, ಪ್ರಭುಗಳು ಮರೆಯುವ ಮುನ್ನ!” ಎಂದ.

ಆಗ ಸಿದ್ದಮ್ಮನ ಮಗ ಕೇತ ಮುಂದೆ ಬಂದ. ಅವನಿಗೆ ಉತ್ತರ ತಿಳಿಯದು. ತಾಯಿಯ ಸಾವನ್ನು ಒಂದು ದಿನ ಮುಂದೂಡುವಾಸೆ. “ನಾಳೆ ಹೇಳುತ್ತೇನೆ” ಎನ್ನಹೋಗಿ, ಕತ್ತಿ ಕಂಡು, “ನಾಳ…” ಎಂದು ನಿಂತ.

“ಸರಿ! ತಲೆಯೊಳಗಿನ ಕಿರಿಯ ರಕ್ತನಾಳ!” ಎಂದಳು ಕುಮಾರಿ. ಅವಳಿಗೆ ಹಾಗೆ ಕೇಳಿಸಿತೋ, ಹಾಗೆ ಕೇಳಿಸಿಕೊಂಡಳೋ, ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಮಾತು ಅರಸನ ತಲೆಯದೆಂದು ಕೇತನಿಗೆ ಹೊಳೆಯಿತು.

ಕುಮಾರಿ ಎರಡನೆಯದನ್ನೊಡ್ಡಿದಳು: “ತಂದೆ ಕೊಟ್ಟುದನ್ನರಿಯ, ಮಗ ಪಡೆದುದನ್ನರಿಯ. ಒಬ್ಬನಿಗೆ ಬಂದು ಒಡಹುಟ್ಟಿದವನಿಗೆ ಬಾರದಿರಬಹುದು. ಹುಟ್ಟಿನಲ್ಲೇ ಒಳಹೊಕ್ಕು ನಡುವಯಸ್ಸಿನಲ್ಲಿ ಸದ್ದು ಮಾಡುತ್ತದೆ. ಏನದು?”

“ಪಿತ್ರಾರ್ಜಿತ, ಅಮ್ಮಣ್ಣಿಯವರೇ,” ಎಂದ ಕೇತ. “ಆದರೆ ಹೊಲವಲ್ಲ, ರೋಗ. ಪ್ರಭುಗಳ ತಂದೆ ದೊಡ್ಡರಸರೂ ಸಿಂಹಾಸನವೆಂದು ಒರಳಿನ ಮೇಲೆ ಕುಳಿತು ಓಲಗ ಕೊಟ್ಟದ್ದನ್ನು ಊರೆಲ್ಲ ಬಲ್ಲದು.”

“ರಾಜದ್ರೋಹ!” ಎಂದು ಮಂತ್ರಿ ಚೀರಿದ.

“ಒರಳಲ್ಲವಯ್ಯ, ಬೀಸುವ ಕಲ್ಲು,” ಎಂದು ಅರಸ ತಿದ್ದಿದ. “ನಾನೇ ಕೈಹಿಡಿದು ಎಬ್ಬಿಸಿದ್ದು. ಆಗ ನಾನಿನ್ನೂ ಹುಡುಗ.”

ಅರಸನೇ ಒಪ್ಪಿದ ಮೇಲೆ ರಾಜದ್ರೋಹವೆಲ್ಲಿ? ಕುಮಾರಿ ಮೂರನೆಯದನ್ನು ಕೇಳಿದಳು: “ಆ ನಾಳದ ಗೋಡೆಯಲ್ಲಿ ಹಿಗ್ಗಿಸಿ ಕುಗ್ಗಿಸುವ ಸೇವಕರಿದ್ದರು. ಒಬ್ಬೊಬ್ಬರೇ ಸತ್ತರು, ಗೋಡೆಗೆ ಕಾಳುಕಾಳಾದ ಕಸ ಮೆತ್ತಿತು. ಅವರನ್ನು ಕೊಂದವರಾರು?”

“ಅಡುಗೆಯವಳು!” ಎಂದ ಮಂತ್ರಿ.

“ಹೊರಗಿನವರಾರೂ ಅಲ್ಲ,” ಎಂದ ಕೇತ. “ಕೊಲೆಗಾರ ಹುಟ್ಟಿನೊಡನೆಯೇ ಬಂದ. ದೊಡ್ಡರಸರು ಬೀಸುವ ಕಲ್ಲೇರಿದಾಗ ನಮ್ಮವ್ವ ತೊಟ್ಟಿಲಲ್ಲಿದ್ದಳು, ಬುದ್ಧಿ. ತೊಟ್ಟಿಲಿಂದ ಮದ್ದಿಕ್ಕುವುದೆಂತು?”

ಕುಮಾರಿ ತಂದೆಯ ಬಳಿ ಕುಳಿತು ವಿವರಿಸಿದಳು: “ಸೇವಕರೆಂದರೆ ಗೋಡೆಯ ಸ್ನಾಯುಗಳು, ಅಪ್ಪಾಜಿ. ಅವು ಅಳಿದು, ಗೋಡೆ ದಪ್ಪಗಟ್ಟಿ, ರಕ್ತ ತಲುಪದೆ ಮಿದುಳು ಚುಕ್ಕೆಚುಕ್ಕೆಯಾಗಿ ಸಾಯುತ್ತದೆ. ಇದರಲ್ಲಿ ಅಪರಾಧಿಯಿಲ್ಲ.” ಬಳಿಕ ಕೇತನತ್ತ ತಿರುಗಿದಳು. “ಇದು ನನ್ನಲ್ಲೂ ಇರಬಹುದು. ತಿಳಿದೂ ಕೈಹಿಡಿಯುವೆಯಾ?”

“ಅವ್ವನನ್ನು ಕೇಳಬೇಕು,” ಎಂದ ಕೇತ. “ಮೊದಲು ಅವಳನ್ನು ಬಿಡಿಸಿ.”

ಸಿದ್ದಮ್ಮ ಬಿಡುಗಡೆಯಾದಳು, ಒಪ್ಪಿದಳು, ಮದುವೆಯಾಯಿತು. ಅರಸನ ರೋಗ ವಾಸಿಯಾಗಲಿಲ್ಲ. ಅವನ ಕೈ ಬಾಯಿಯ ದಾರಿ ಮರೆತ ಮೇಲೆ, ಸಿದ್ದಮ್ಮನೇ ತುತ್ತು ಮಾಡಿ ಉಣ್ಣಿಸಿದಳು.