ಬೇರಿಗಂಟಿದ ಮಣ್ಣು

ಶಿಷ್ಯ ನಿರುಪಾದಿ ಕೇಳಿದ: “ಗುರುಗಳೇ, ತಪ್ಪನ್ನು ಒಪ್ಪಿಕೊಂಡು ಕ್ಷಮೆ ಕೇಳಿದ ಮೇಲೂ ನಾಚಿಕೆ ಯಾಕೆ ಹೋಗುವುದಿಲ್ಲ?”

ಗುರುಗಳು ಒಂದು ಕತೆ ಹೇಳಿದರು.

ತಾಮ್ರ ಅಗೆದು ಬಿಟ್ಟ ಒಂದು ಗುಡ್ಡವಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಅಲ್ಲಿ ಮರ ಹುಟ್ಟಲಿಲ್ಲ. ಅಲ್ಲೊಂದು ಇಲ್ಲೊಂದು ಕುರುಚಲು ಗಿಡ ಮಾತ್ರ ಇತ್ತು. ಮಳೆ ಬಂದರೆ ಗುಡ್ಡದ ವಿಷ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಅಲ್ಲಿ ಹಸಿರು ಎಬ್ಬಿಸುವ ಕೆಲಸವನ್ನು ಊರವರು ಒಬ್ಬ ತೋಟಗಾರನಿಗೆ ಒಪ್ಪಿಸಿದರು. ಅವನು ಮುಟ್ಟಿದರೆ ಒಣಕಡ್ಡಿಯೂ ಚಿಗುರುತ್ತದೆ ಎಂಬ ಹೆಸರಿತ್ತು. ಅದನ್ನು ಅವನೂ ನಂಬಿದ್ದ.

ಒಳ್ಳೆಯ ಗೊಬ್ಬರದ ಮಣ್ಣಿನಲ್ಲಿ ಸಾವಿರ ಸಸಿ ಬೆಳೆಸಿ ತಂದು ನೆಟ್ಟ. ಎರಡು ತಿಂಗಳಲ್ಲಿ ಎಲ್ಲವೂ ಹಳದಿಯಾಗಿ ಸತ್ತವು.

ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದು ಹೇಳಿದಳು: “ಅಯ್ಯಾ, ಇಲ್ಲೇ ಹುಟ್ಟಿದ ಗಿಡ ಚೆನ್ನಾಗಿದೆ ನೋಡಿ. ಅದರ ಬೇರಿಗಂಟಿದ ಮಣ್ಣನ್ನು ಒಂದೊಂದು ಹಿಡಿ ನಿಮ್ಮ ಸಸಿಗಳ ಬುಡಕ್ಕೆ ಹಾಕಿ. ನಾನೊಂದು ಹೊಂಗೆ ಸಸಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.”

ಅವನು ಮೂವತ್ತು ಆಳುಗಳ ಎದುರು ನಕ್ಕ. “ಸಸಿಗೆ ವಿಷ ಉಣಿಸುವುದನ್ನು ಆಡು ಕಾಯುವವಳಿಂದ ಕಲಿಯಬೇಕೇ?” ಎಂದ. ಆಳುಗಳೂ ನಕ್ಕರು. ಅವಳು ಆಡುಗಳನ್ನು ಹೊಡೆದುಕೊಂಡು ಹೋದಳು. ಮತ್ತೆ ಆ ಕಡೆ ಬರಲಿಲ್ಲ.

ಮರುವರ್ಷವೂ ಸಸಿಗಳು ಸತ್ತವು. ಮೂರನೆಯ ವರ್ಷ ಅವನು ಆಳುಗಳಿಗೆ ರಜೆ ಕೊಟ್ಟು, ಯಾರಿಗೂ ಹೇಳದೆ ಒಬ್ಬನೇ ಗುಡ್ಡ ಹತ್ತಿದ. ಕುರುಚಲು ಗಿಡಗಳ ಬುಡ ಕೆದಕಿ ಆ ಮಣ್ಣನ್ನು ಬುಟ್ಟಿಯಲ್ಲಿ ತಂದು ಸಸಿಮಡಿಗೆ ಬೆರೆಸಿದ. ಆ ವರ್ಷ ನೆಟ್ಟವುಗಳಲ್ಲಿ ಹೆಚ್ಚಿನವು ಬದುಕಿದವು.

ಪಟ್ಟಣದಿಂದ ಒಬ್ಬ ವಿದ್ವಾಂಸ ಬಂದು ಬೇರುಗಳನ್ನು ಪರೀಕ್ಷಿಸಿದ. ಊರವರ ಮುಂದೆ ಹೇಳಿದ: “ಈ ಬೇರುಗಳ ಸುತ್ತ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ತಲೆತಲಾಂತರದಿಂದ ತಾಮ್ರದ ನಡುವೆಯೇ ಬಾಳಿ ಅದನ್ನು ತಾಳಿಕೊಳ್ಳಲು ಕಲಿತಿವೆ. ವಿಷವನ್ನು ಆದಷ್ಟು ತಾವೇ ಹಿಡಿದಿಟ್ಟು ಗಿಡವನ್ನು ಕಾಯುತ್ತವೆ. ಆ ಮಣ್ಣು ಬೆರೆಸಬೇಕೆಂದು ನಿಮಗೆ ಹೇಗೆ ಹೊಳೆಯಿತು?”

ಗುಂಪಿನ ಹಿಂದೆ ಆ ಹೆಂಗಸು ನಿಂತಿದ್ದಳು. ತೋಟಗಾರ ಅವಳನ್ನು ಕಂಡ. ಕಂಡೂ, “ಹೀಗೇ, ಕೆಲಸ ಮಾಡುತ್ತಾ ಹೊಳೆಯಿತು” ಎಂದುಬಿಟ್ಟ. ಊರವರು ಅವನಿಗೆ ಶಾಲು ಹೊದಿಸಿದರು. ಅವನಿಗೆ ತಲೆ ಎತ್ತಲಾಗಲಿಲ್ಲ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಚಿಗುರಿದ ಗಿಡಗಳನ್ನು ನೋಡಲೂ ಹಿಂಜರಿಕೆಯಾಯಿತು. ಕೊನೆಗೆ ಒಂದು ಮಧ್ಯಾಹ್ನ, ಅಕ್ಕಪಕ್ಕದವರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿ, ಅವಳ ಮನೆಗೆ ಹೋಗಿ ಕೈಮುಗಿದ. “ತಪ್ಪಾಯಿತಮ್ಮ, ಕ್ಷಮಿಸು” ಎಂದ.

ಅವಳು ಚಾಪೆ ಹಾಸಿ ಕೂರಿಸಿ, ಕುಡಿಯಲು ನೀರು ಕೊಟ್ಟಳು. “ಸಸಿ ಬದುಕಿದವಲ್ಲ ಅಯ್ಯಾ, ನನಗೆ ಅಷ್ಟು ಸಾಕು” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಮನೆಗೆ ಮರಳುವಾಗ ಅವನ ನಾಚಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ನಿರುಪಾದಿ ಕೇಳಿದ: “ಅವಳೇ ಕ್ಷಮಿಸಿದಳಲ್ಲ, ಗುರುಗಳೇ. ಇನ್ನೇನು ಉಳಿದಿತ್ತು?”

“ಅವನು ನಕ್ಕಾಗ ಮೂವತ್ತು ಜನರಿದ್ದರು, ಕ್ಷಮೆ ಕೇಳಿದಾಗ ಯಾರೂ ಇರಲಿಲ್ಲ. ನೀನು ಕ್ಷಮೆ ಕೇಳಿದಾಗ ಯಾರಿದ್ದರು, ನಿರುಪಾದಿ?”