ಕರೆ ಬರುವ ಕೋಣೆಯ ಪರದೆಗಳು

"ಸರ್, ಒಂದೇ ಜಾಗದಲ್ಲಿ ಕೂತು ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ನಿಯಮ ಹಾಕಬಹುದಾದ ಮೇಲೆ, ಕೋಣೆ ಕೋಣೆಗೂ ಹೋಗಿ ಜನರನ್ನು ಕೇಳುವುದು ಯಾತಕ್ಕೆ?"

ಭಾರ್ಗವಿ ಹೀಗೆ ಕೇಳಿದಾಗ ಅವಳ ಬೆರಳು, ಮೂರನೇ ಮಹಡಿಯ ಕಂಪ್ಯೂಟರುಗಳಿಗೆ ಹೊಸ ನಿಯಮ ಕಳಿಸುವ ಗುಂಡಿಯ ಮೇಲೇ ಇತ್ತು. ಅವಳಿಗೆ ಕೆಲಸ ಕಲಿಸುತ್ತಿದ್ದ ತಿಪ್ಪೇಸ್ವಾಮಿ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

"ಒತ್ತಬೇಡ. ಮೊದಲು ಇದನ್ನು ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಆಂಬುಲೆನ್ಸ್ ಕಳಿಸುವ ಕಚೇರಿ ಇತ್ತು. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳಲು ಒಬ್ಬ ನಿರ್ವಾಹಕನಿದ್ದ. ಅವನ ಕೋಣೆ ಮೇಲಿನ ಮಹಡಿಯಲ್ಲಿ. ಜನರ ಕರೆಗಳು ಬರುತ್ತಿದ್ದುದು ಕೆಳಗಿನ ಮಹಡಿಯಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಅವನು ಕೆಳಗಿನ ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಇಡುವ ಅಗತ್ಯವೂ ಬಿದ್ದಿರಲಿಲ್ಲ.

ಒಮ್ಮೆ ಲೆಕ್ಕದ ವಿಭಾಗದಲ್ಲಿ ಯಾರೋ ಕಂಪ್ಯೂಟರನ್ನು ತೆರೆದೇ ಬಿಟ್ಟು ಊಟಕ್ಕೆ ಹೋದರು. ಇನ್ಯಾರೋ ಬಂದು ಅದರಲ್ಲಿ ಕೈಯಾಡಿಸಿದರು. ಮೇಲಧಿಕಾರಿ ನಿರ್ವಾಹಕನನ್ನು ಕರೆದು ಎಲ್ಲರೆದುರೇ ಗದರಿದ. ಅವನಿಗೆ ಮುಖ ಎತ್ತಲಾಗಲಿಲ್ಲ. ತನ್ನ ಜಾಗಕ್ಕೆ ಮರಳಿದವನೇ ನಿಯಮ ಬರೆದ. ಸ್ವಲ್ಪ ಹೊತ್ತು ಕೀಲಿಮಣೆ ಮುಟ್ಟದಿದ್ದರೆ ಪರದೆ ಮುಚ್ಚಿಕೊಳ್ಳಬೇಕು. ಎಲ್ಲರೂ ಉದ್ದನೆಯ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. ಅದನ್ನು ಮತ್ತೆ ಮತ್ತೆ ತಪ್ಪಾಗಿ ಒತ್ತಿದರೆ ಖಾತೆಗೇ ಬೀಗ ಬೀಳಬೇಕು. ಇದು ಲೆಕ್ಕದ ವಿಭಾಗಕ್ಕೆ ಮಾತ್ರವೋ, ಇಡೀ ಕಟ್ಟಡಕ್ಕೋ ಎಂದು ಕಂಪ್ಯೂಟರ್ ಕೇಳಿತು. ಅವನು ಇಡೀ ಕಟ್ಟಡ ಎಂದು ಒತ್ತಿದ.

ಮರುದಿನ ಬೆಳಿಗ್ಗೆ ಕೆಳಗಿನ ಕೋಣೆಯ ನೀಲಮ್ಮನಿಗೆ ಒಂದು ಕರೆ ಬಂತು. ಆ ಕಡೆ ಇದ್ದದ್ದು ಒಂದು ಪುಟ್ಟ ಹುಡುಗಿ. ಅಮ್ಮ ಬಿದ್ದಿದ್ದಾಳೆ, ಮಾತಾಡುತ್ತಿಲ್ಲ ಎಂದಿತು. ಮನೆ ಎಲ್ಲಿ ಎಂದರೆ ಅದಕ್ಕೆ ಹೇಳಲು ಬಾರದು. ನೀಲಮ್ಮ ಕೀಲಿಮಣೆ ಬಿಟ್ಟು, ಎರಡೂ ಕೈಯಲ್ಲಿ ಫೋನ್ ಹಿಡಿದು, ಒಂದೊಂದೇ ಮಾತು ಹೊರಡಿಸಿದಳು. ಬಾಗಿಲಲ್ಲಿ ನಿಂತರೆ ಏನು ಕಾಣುತ್ತದೆ, ಎದುರು ಅಂಗಡಿ ಯಾರದು, ಬಸ್ಸು ಎಲ್ಲಿ ನಿಲ್ಲುತ್ತದೆ. ಕೊನೆಗೆ ಜಾಗ ಗೊತ್ತಾಯಿತು. ಆಂಬುಲೆನ್ಸ್ ಕಳಿಸಲು ತಿರುಗಿದರೆ ಪರದೆ ಮುಚ್ಚಿತ್ತು.

ಯಾವ ಗಾಡಿ ಎಲ್ಲಿದೆ ಎಂಬುದು ಆ ಪರದೆಯಲ್ಲಷ್ಟೇ ಕಾಣುತ್ತಿತ್ತು. ನೀಲಮ್ಮ ಬೆಳಿಗ್ಗೆ ತಾನೇ ಇಟ್ಟ ಪಾಸ್‌ವರ್ಡ್ ಒತ್ತಿದಳು. ಅವಸರದಲ್ಲಿ ತಪ್ಪಾಯಿತು. ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಖಾತೆಗೆ ಬೀಗ ಬಿತ್ತು. ಅಕ್ಕಪಕ್ಕದವರ ಪರದೆಗಳ ಪಾಡೂ ಅದೇ ಆಗಿತ್ತು.

ಆ ಕೋಣೆಯ ಮೇಲ್ವಿಚಾರಕಿ ನಿರ್ವಾಹಕನಿಗೆ ಫೋನ್ ಮಾಡಿ ಕಿರುಚಿದಳು. ಅವನು ಆ ಕ್ಷಣವೇ ನಿಯಮವನ್ನು ಹಿಂತೆಗೆದ.

"ತೆಗೆದಿದ್ದೇನೆ" ಎಂದ.

"ಏನೂ ತೆಗೆದಿಲ್ಲ, ಇಲ್ಲಿ ಎಲ್ಲ ಹಾಗೇ ಇದೆ!" ಎಂದಳು ಅವಳು.

ಆಗ ಅವನಿಗೆ ಹೊಳೆಯಿತು. ಹೊಸ ಆಜ್ಞೆಯನ್ನು ಯಂತ್ರಗಳು ತಮ್ಮ ಸರದಿ ಬಂದಾಗಷ್ಟೇ ಕೇಳಿ ಪಡೆಯುತ್ತವೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಖಾತೆಗಳಿಗೆ ಆಗಲೇ ಬಿದ್ದ ಬೀಗವನ್ನು ಒಂದೊಂದಾಗಿ ತಾನೇ ತೆಗೆಯಬೇಕು.

"ಮೊದಲು ಯಾರದು ತೆಗೆಯಲಿ?"

"ನೀಲಮ್ಮಂದು. ಬೇಗ!"

ಅವನ ಮುಂದಿದ್ದುದು ಬರೀ ಸಿಬ್ಬಂದಿ ಸಂಖ್ಯೆಗಳು. ನೀಲಮ್ಮ ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಗಾಬರಿಯಲ್ಲಿ ಮೇಲ್ವಿಚಾರಕಿಗೂ ಸಂಖ್ಯೆ ನೆನಪಾಗಲಿಲ್ಲ. ಅವನು ತನ್ನ ಸಹಾಯಕನನ್ನು ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲು ಹಾರುತ್ತ ಕೆಳಗಿಳಿದ.

ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಒಬ್ಬಳು ಮಾತ್ರ ಕೂತಿದ್ದಳು. ಮುಖದ ಮೇಲೆ ಕಣ್ಣೀರಿಳಿಯುತ್ತಿತ್ತು, ದನಿ ಮಾತ್ರ ಅಲುಗಿರಲಿಲ್ಲ. "ಹೆದರಬೇಡ ಕಂದಾ, ನಾನಿಲ್ಲೇ ಇದ್ದೀನಿ. ಬಾಗಿಲು ತೆಗೆದಿಡು. ಅಮ್ಮನ ಕೈ ಹಿಡಿದುಕೋ" ಎನ್ನುತ್ತಿದ್ದಳು. ಅವನು ಬಗ್ಗಿ, ಅವಳ ಕೊರಳಿನ ಗುರುತುಪಟ್ಟಿಯಲ್ಲಿದ್ದ ಸಂಖ್ಯೆ ಓದಿ, ಮೇಲ್ವಿಚಾರಕಿಯ ಫೋನಿನಲ್ಲಿ ಮೇಲಿದ್ದ ಸಹಾಯಕನಿಗೆ ಕೂಗಿ ಹೇಳಿದ. ಬೀಗ ತೆರೆಯಿತು. ಸಹಾಯಕ ಹೇಳಿದ ಹೊಸ ಪಾಸ್‌ವರ್ಡನ್ನು ಅವನೇ ಒತ್ತಿದ. ನೀಲಮ್ಮ ಗಾಡಿ ಕಳಿಸಿದಳು.

ಅವನು ಅಲ್ಲಿಂದ ಕದಲಲಿಲ್ಲ. ಫೋನಿನಲ್ಲಿ ಆ ಮಗುವಿನ ಉಸಿರು ಅವನಿಗೂ ಕೇಳಿಸುತ್ತಿತ್ತು. ಗಾಡಿ ಬಂದ ಸದ್ದು ಕೇಳಿಸುವವರೆಗೂ ಯಾರೂ ಕೂರಲಿಲ್ಲ.

ತಾಯಿ ಬದುಕಿದಳು. ಆದರೆ ಅವಳ ಬಲಗೈ ಮತ್ತೆ ಮೇಲೇಳಲಿಲ್ಲ. ಅದು ಕಾಯಿಲೆಯಿಂದ ಆದದ್ದೋ, ಆ ತಡದಿಂದ ಆದದ್ದೋ, ವೈದ್ಯರು ಹೇಳಲಿಲ್ಲ. ಅವನಿಗೆ ಕೇಳುವ ಧೈರ್ಯವೂ ಬರಲಿಲ್ಲ.

ಮೇಷ್ಟ್ರು ಮಾತು ನಿಲ್ಲಿಸಿದರು.

"ಹಾಗಾದರೆ ನಿಯಮ ಹಾಕಿದ್ದೇ ತಪ್ಪಾ ಸರ್?" ಎಂದಳು ಭಾರ್ಗವಿ.

"ಇಲ್ಲ. ಲೆಕ್ಕದ ವಿಭಾಗದಲ್ಲಿ ಆ ನಿಯಮ ಇವತ್ತಿಗೂ ಇದೆ, ಇರಬೇಕು ಕೂಡ."

"ಮತ್ತೆ ನನ್ನದರಲ್ಲಿ ಏನು ತೊಂದರೆ? ಇದು ಬರೀ ಮೂರನೇ ಮಹಡಿಗೆ."

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತ ಕೇಳಿದರು: "ಮೂರನೇ ಮಹಡಿಯಲ್ಲಿ ಕೂತಿರುವ ಒಬ್ಬರ ಹೆಸರು ಹೇಳು."

ಭಾರ್ಗವಿ ಗುಂಡಿಯ ಮೇಲಿನಿಂದ ಬೆರಳು ತೆಗೆದಳು. ಎದ್ದು, ಮೂರನೇ ಮಹಡಿಯ ಮೆಟ್ಟಿಲ ಕಡೆ ನಡೆದಳು.